ಹರಸುವ ನಾಲಗೆಗೆ ಭೇದ ಸಲ್ಲದು

ಭಗವಂತನು ಮನುಷ್ಯನಿಗೆ ಕೊಟ್ಟ ಸಂಪತ್ತುಗಳಲ್ಲಿ ಮಾತು ದೊಡ್ಡದು. ಹೊಲ ತೋಟಗಳಿಲ್ಲದ ಬಡವನಿಗೂ ಈ ಸಂಪತ್ತು ಇದೆ. ಇದರಿಂದ ಮನೆ ಕಟ್ಟಲೂಬಹುದು, ಮನೆ ಮುರಿಯಲೂಬಹುದು. ಕೈಯಿಂದ ಮಾಡಿದ ಪಾಪ ಕಣ್ಣಿಗೆ ಕಾಣುತ್ತದೆ. ನಾಲಗೆಯಿಂದ ಮಾಡಿದ ಪಾಪ ಆಡಿದವರಿಗೆ ಮರೆತೇ ಹೋಗುತ್ತದೆ; ಕೇಳಿದವರಿಗೆ ಮಾತ್ರ ಜೀವಮಾನವೆಲ್ಲ ನೆನಪಿರುತ್ತದೆ. ಇಂಥದೊಂದು ಪಾಪದಲ್ಲಿ ನಮ್ಮ ಪಾಲೂ ಇದೆ ಎಂಬುದನ್ನು ಭಕ್ತರ ಮುಂದೆ ಒಪ್ಪಿಕೊಳ್ಳುವುದಕ್ಕಾಗಿಯೇ ಇಂದು ಈ ನಾಲ್ಕು ಮಾತು.

ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಸಂಗತಿ. ಶನಿವಾರಸಂತೆ ಕಡೆಯ ಹಳ್ಳಿಯೊಂದರಿಂದ ವೃದ್ಧ ತಾಯಿಯೊಬ್ಬರು ಗರ್ಭಿಣಿ ಸೊಸೆಯನ್ನು ಕರೆದುಕೊಂಡು ಮಠಕ್ಕೆ ಬಂದರು. ಮಳೆ ಹಿಡಿದ ಕಾಲ. ಬಸ್ಸಿಳಿದು ಕೊಡೆ ಹಿಡಿದು ಕೆಸರಿನಲ್ಲಿ ನಡೆದೇ ಬಂದಿದ್ದರು. ‘ಬುದ್ಧಿ, ಎರಡು ಹೆಣ್ಣಾದವು. ಈ ಸಲವಾದರೂ ಗಂಡಾಗಲಿ ಅಂತ ಹರಸಬೇಕು’ ಎಂದು ಕೈಮುಗಿದರು. ನಾವು ಹಿಂದುಮುಂದು ನೋಡದೆ ಫಲಮಂತ್ರಾಕ್ಷತೆ ಕೊಟ್ಟು ‘ಪುತ್ರ ಸಂತಾನವಾಗಲಿ’ ಎಂದು ಹರಸಿದೆವು. ಸೊಸೆ ಸೆರಗೊಡ್ಡಿ ಸ್ವೀಕರಿಸಿದರು. ನಿಮ್ಮ ಇಷ್ಟವೇನಮ್ಮ ಎಂದು ಆ ತಾಯಿಯನ್ನು ನಾವು ಕೇಳಲೇ ಇಲ್ಲ.

ಪರಶಿವನ ಇಚ್ಛೆ, ಮೂರನೆಯದೂ ಹೆಣ್ಣಾಯಿತು. ನಾಮಕರಣಕ್ಕೆ ಮಠಕ್ಕೇ ಬಂದರು. ಯಾವ ಹೆಸರಿಡಬೇಕು ಎಂದು ಕೇಳಿದಾಗ ಅಜ್ಜಿ, ‘ಸಾಕು ಬುದ್ಧಿ, ಇನ್ನು ಸಾಕು. ಸಾಕಮ್ಮ ಅಂತಲೇ ಕರೆದುಬಿಡಿ’ ಎಂದರು. ಸೇರಿದವರು ನಕ್ಕರು. ನಾವೂ ನಕ್ಕು ಮಗುವಿನ ಕಿವಿಯಲ್ಲಿ ಆ ಹೆಸರನ್ನೇ ಉಸುರಿದೆವು. ತೊಟ್ಟಿಲ ಪಕ್ಕದಲ್ಲಿ ನಿಂತಿದ್ದ ತಾಯಿ ಮಾತ್ರ ನಗಲಿಲ್ಲ.

ಹದಿಮೂರು ವರ್ಷಗಳಾದ ಮೇಲೆ ಆ ಹುಡುಗಿ ತಾಯಿಯ ಜೊತೆ ಮಠಕ್ಕೆ ಬಂದಳು. ಎಲ್ಲರೂ ತಮ್ಮ ತಮ್ಮ ಹೆಸರಿನ ಅರ್ಥ ತಿಳಿದು ಬರೆದುಕೊಂಡು ಬನ್ನಿ ಎಂದು ಶಾಲೆಯ ಕನ್ನಡ ಮೇಷ್ಟ್ರು ಹೇಳಿದ್ದರಂತೆ. ‘ಸಾಕುವುದು ಎಂದರೆ ಪೋಷಿಸುವುದಮ್ಮ. ಸಾಕಮ್ಮ ಎಂದರೆ ಸಾಕಿ ಸಲಹುವ ತಾಯಿ’ ಎಂದು ನಾವು ಹೇಳಿದೆವು. ಮಗು ತಲೆಯಾಡಿಸಿ, ‘ಹಾಗಲ್ಲ ಬುದ್ಧಿ, ನನ್ನ ಹೆಸರಿಗೆ ಬೇಡ ಅಂತ ಅರ್ಥ. ಅಜ್ಜಿನೇ ಹೇಳಿದ್ದು’ ಎಂದಿತು. ಅಷ್ಟು ವರ್ಷ ಶಾಸ್ತ್ರಗಳನ್ನು ಓದಿದ್ದ ನಮ್ಮಲ್ಲಿ ಆ ಮಾತಿಗೆ ಉತ್ತರವಿರಲಿಲ್ಲ. ಬೇಡ ಎಂದು ಅಜ್ಜಿ ಅಂದುಕೊಂಡಿದ್ದರು. ಅದಕ್ಕೆ ಮಂತ್ರದ ಮುದ್ರೆ ಒತ್ತಿದವರು ನಾವು.

ನಮ್ಮ ಧರ್ಮ ಹೀಗೆ ಹೇಳುತ್ತದೆಯೇ? ಇಲ್ಲ. ಗರ್ಭಕ್ಕೆ ಎಂಟು ತಿಂಗಳಾದಾಗ ಲಿಂಗಧಾರಣೆ ಮಾಡುವ ಸಂಸ್ಕಾರ ವೀರಶೈವರಲ್ಲಿ ಇದೆ. ತಾಯಿಯ ಮೂಲಕ ಒಡಲೊಳಗಿನ ಶಿಶುವಿಗೆ ಗುರು ಲಿಂಗವನ್ನು ಕರುಣಿಸುತ್ತಾನೆ. ಆ ಶಿಶು ಗಂಡೋ ಹೆಣ್ಣೋ ಎಂದು ಗುರು ಕೇಳುವುದಿಲ್ಲ, ಲಿಂಗವೂ ಕೇಳುವುದಿಲ್ಲ. ವ್ಯಾಕರಣದಲ್ಲಿ ಲಿಂಗವೆಂದರೆ ಗಂಡು ಹೆಣ್ಣೆಂಬ ಗುರುತು. ನಮ್ಮ ಎದೆಯ ಮೇಲಿನ ಲಿಂಗಕ್ಕೆ ಆ ಗುರುತೇ ಇಲ್ಲ. ಹುಟ್ಟುವ ಮೊದಲೇ ಪರಶಿವನು ತನ್ನದೆಂದು ಒಪ್ಪಿಕೊಂಡ ಕೂಸನ್ನು ಹುಟ್ಟಿದ ಮೇಲೆ ಸಾಕು ಎನ್ನಲು ನಾವು ಯಾರು?

ಪುತ್ರನಿಲ್ಲದಿದ್ದರೆ ಸದ್ಗತಿಯಿಲ್ಲ ಎಂದು ಕೆಲವು ಹಿರಿಯರು ಈಗಲೂ ನಮ್ಮ ಬಳಿ ಅಳುತ್ತಾರೆ. ಅದು ಬೇರೆ ಸಂಪ್ರದಾಯದಿಂದ ನಮ್ಮೊಳಗೆ ಬಂದು ಸೇರಿದ ಭಯ. ವೀರಶೈವನಿಗೆ ಚಿತೆಗೆ ಕೊಳ್ಳಿ ಇಡುವವನು ಬೇಕಾಗಿಲ್ಲ, ಪಿಂಡ ಹಾಕುವವನು ಬೇಕಾಗಿಲ್ಲ. ಲಿಂಗೈಕ್ಯರಾದವರನ್ನು ವಿಭೂತಿ ಬಿಲ್ವಪತ್ರೆಗಳೊಂದಿಗೆ ಭೂತಾಯಿಯ ಮಡಿಲಿಗೆ ಒಪ್ಪಿಸುತ್ತೇವೆ. ಸದ್ಗತಿ ಅವರವರ ಆಚಾರದಿಂದ, ಮಗನಿಂದಲ್ಲ. ಈ ಕೊಡಗನ್ನು ಆಳಿದ ವೀರಶೈವ ಅರಸರಲ್ಲಿ ಹೆಸರಾದ ದೊಡ್ಡವೀರರಾಜೇಂದ್ರ ಒಡೆಯರಿಗೆ ಮಗನಿರಲಿಲ್ಲ. ತಮ್ಮ ಮಗಳು ದೇವಮ್ಮಾಜಿಯೇ ಪಟ್ಟಕ್ಕೆ ಬರಬೇಕೆಂದು ಅವರು ಬಯಸಿದ್ದರು. 1809ರಲ್ಲಿ ಅವರು ತೀರಿಕೊಂಡ ಮೇಲೆ ಮಗಳ ಹೆಸರಿನಲ್ಲಿ ರಾಜ್ಯ ನಡೆದದ್ದು ಎರಡೇ ವರ್ಷ. 1811ರಲ್ಲಿ ಚಿಕ್ಕಪ್ಪ ಲಿಂಗರಾಜೇಂದ್ರರು ಪಟ್ಟವೇರಿದರು. ಮಗಳು ಆಳಬಲ್ಲಳು ಎಂಬ ನಂಬಿಕೆ ಎರಡು ಶತಮಾನಗಳ ಹಿಂದೆಯೇ ಒಬ್ಬ ತಂದೆಗೆ ಇತ್ತು. ಲೋಕಕ್ಕೆ ಇರಲಿಲ್ಲ.

‘ಬುದ್ಧಿ, ಇವೆಲ್ಲ ಬಾಯಿಮಾತು. ಹಿಂದಿನಿಂದ ಆಡಿಕೊಂಡು ಬಂದದ್ದು. ಮನಸ್ಸಿನಲ್ಲಿ ಏನೂ ಇರುವುದಿಲ್ಲ’ ಎಂದು ಹಿರಿಯರು ಹೇಳುವುದುಂಟು. ಮನಸ್ಸಿನಲ್ಲಿ ಇಲ್ಲದ್ದು ಬಾಯಿಗೆ ಬರುವುದು ಹೇಗೆ? ಅಳುವ ಗಂಡುಮಗುವಿಗೆ ‘ಹೆಣ್ಣಿಗನ ಹಾಗೆ ಅಳಬೇಡ’ ಎನ್ನುತ್ತೇವೆ. ಧೈರ್ಯವಾಗಿ ಮಾತನಾಡುವ ಹುಡುಗಿಗೆ ‘ಗಂಡುಬೀರಿ’ ಎನ್ನುತ್ತೇವೆ. ಮಕ್ಕಳಾಗದ ಹೆಂಗಸಿಗೆ ಬಂಜೆ ಎಂಬ ಮಾತು ಊರೆಲ್ಲರ ಬಾಯಲ್ಲಿದೆ. ಮಕ್ಕಳಾಗದ ಗಂಡಸಿಗೆ ಅಂಥದೊಂದು ಮಾತು ಬಳಕೆಯಲ್ಲಿ ಇಲ್ಲ. ಜಗಳದಲ್ಲಿ ಬಯ್ಯುವುದು ಗಂಡಸನ್ನಾದರೂ ಬೈಗುಳ ಬೀಳುವುದು ಅವನ ತಾಯಿ, ಅಕ್ಕತಂಗಿಯರ ಮೇಲೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆ ಇದೆ. ನಮ್ಮ ರಾಜ್ಯದಲ್ಲಿ 1994ರಲ್ಲಿಯೂ ಇಡೀ ದೇಶದಲ್ಲಿ 2005ರಲ್ಲಿಯೂ ತಿದ್ದುಪಡಿಯಾದ ಕಾನೂನು ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಕಾನೂನು ಒಳಗೆ ಕರೆದವರನ್ನು ಗಾದೆ ಇನ್ನೂ ಹೊರಗೇ ನಿಲ್ಲಿಸಿದೆ.

ಇನ್ನು ಗಂಡಸರು ರೋಷದಿಂದ ‘ನಾವೇನು ಕೈಗೆ ಬಳೆ ತೊಟ್ಟಿಲ್ಲ’ ಎನ್ನುತ್ತಾರಲ್ಲ, ಆ ಮಾತು. ಶರಣಸತಿ ಲಿಂಗಪತಿ ಎಂಬುದು ನಮ್ಮ ಧರ್ಮದ ಭಾವ. ಲಿಂಗದ ಮುಂದೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಶರಣರೆಲ್ಲರೂ ಸತಿಯರೇ. ದಿನವೂ ಬೆಳಗ್ಗೆ ಲಿಂಗಪೂಜೆಯಲ್ಲಿ ಈ ಭಾವದಿಂದ ಕುಳಿತವನು ಮಧ್ಯಾಹ್ನ ಪೇಟೆಗೆ ಹೋಗಿ ಬಳೆಯನ್ನು ಹೇಡಿತನದ ಗುರುತೆಂದು ಹೀಯಾಳಿಸಿದರೆ, ಅವನು ಮಾಡಿದ ಪೂಜೆ ಯಾವುದು?

ಮಾತಿನ ಭೇದ ಇನ್ನೂ ಸೂಕ್ಷ್ಮವಾದ ಕಡೆಯಲ್ಲಿಯೂ ಅಡಗಿದೆ. ನಮ್ಮ ಕನ್ನಡದ ಹಿರಿಮೆ ನೋಡಿ. ಅವನು ಬಂದನು, ಅವಳು ಬಂದಳು ಎಂದು ಏಕವಚನದಲ್ಲಿ ಬೇರೆ ಬೇರೆ. ಗೌರವ ಕೊಟ್ಟು ಹೇಳುವಾಗ ಇಬ್ಬರಿಗೂ ಒಂದೇ ಮಾತು: ಅವರು ಬಂದರು. ಗೌರವದಲ್ಲಿ ಗಂಡು ಹೆಣ್ಣೆಂಬ ಭೇದವನ್ನು ನಮ್ಮ ಭಾಷೆ ಅಳಿಸಿಬಿಟ್ಟಿದೆ. ಆದರೆ ಮನೆಯಲ್ಲಿ ಏನು ನಡೆಯುತ್ತದೆ? ಹೆಂಡತಿ ಗಂಡನನ್ನು ‘ಅವರು’ ಎನ್ನುತ್ತಾರೆ. ಗಂಡ ಹೆಂಡತಿಯನ್ನು ‘ಅವಳು’ ಎನ್ನುತ್ತಾನೆ. ಪ್ರೀತಿಯ ಏಕವಚನ ತಪ್ಪಲ್ಲ. ತಾಯಿಯನ್ನೂ ದೇವರನ್ನೂ ನೀನು ಎಂದೇ ಕರೆಯುತ್ತೇವೆ. ಆದರೆ ಹತ್ತು ಜನರ ಮುಂದೆ ಒಬ್ಬರಿಗೆ ಬಹುವಚನ, ಒಬ್ಬರಿಗೆ ಏಕವಚನವಾದರೆ ಅದು ಪ್ರೀತಿಯಲ್ಲ, ಮೇಲು ಕೀಳು. 2010ರ ತಿದ್ದುಪಡಿಯಿಂದ ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಸಿಕ್ಕಿದೆ. ಆದರೂ ಮಹಿಳೆ ಅಧ್ಯಕ್ಷರಾದ ಊರಿನಲ್ಲಿ ‘ಅಧ್ಯಕ್ಷರು ಎಲ್ಲಿ’ ಎಂದು ಕೇಳಿದರೆ ಜನ ಅವರ ಗಂಡನನ್ನು ತೋರಿಸುವುದನ್ನು ನಾವೇ ಕಂಡಿದ್ದೇವೆ.

ನಮ್ಮ ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಗೌರಮ್ಮನವರು ಕನ್ನಡದ ಮೊದಲ ಸಾಲಿನ ಕಥೆಗಾರರಲ್ಲಿ ಒಬ್ಬರು. ಅವರು ಕಥೆ ಬರೆದು ಕಳಿಸುತ್ತಿದ್ದದ್ದು ಶ್ರೀಮತಿ ಬಿ.ಟಿ.ಜಿ. ಕೃಷ್ಣ ಎಂಬ ಪತಿಯ ಹೆಸರಿನಲ್ಲಿ. 1939ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡರು. ನಾಡು ಅವರನ್ನು ಕೊಡಗಿನ ಗೌರಮ್ಮ ಎಂದು ಅವರದೇ ಹೆಸರಿನಿಂದ ಇಂದಿಗೂ ನೆನೆಯುತ್ತಿದೆ. ಅವರ ಕಥೆಗಳನ್ನು ಇಂಗ್ಲಿಷಿಗೆ ತಂದ ಮಡಿಕೇರಿಯ ದೀಪಾ ಭಾಸ್ತಿಯವರು, ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕಾಗಿ 2025ರಲ್ಲಿ ಬಾನು ಅವರೊಂದಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದರು. ಗೌರಮ್ಮನವರು ಮುಂದಿಡಲಾಗದ ತಮ್ಮ ಹೆಸರನ್ನು ಇವರಿಬ್ಬರೂ ಲೋಕದ ಮುಂದೆ ಇಟ್ಟಿದ್ದಾರೆ.

ಮನೆಯಲ್ಲಿ ಕಲಿತ ಮಾತನ್ನೇ ಮಗು ಶಾಲೆಗೆ ಒಯ್ಯುತ್ತದೆ. ಶಾಲೆಯಾದರೂ ತಿದ್ದುತ್ತದೆಯೇ? ಅಮ್ಮ ಅಡುಗೆ ಮಾಡುತ್ತಾಳೆ, ಅಪ್ಪ ಕಚೇರಿಗೆ ಹೋಗುತ್ತಾರೆ ಎಂದು ಓದಿ ಬೆಳೆದವರು ನಾವೆಲ್ಲ. ಅಮ್ಮನಿಗೆ ಏಕವಚನ, ಅಪ್ಪನಿಗೆ ಬಹುವಚನ. ಮೊದಲ ಪಾಠವೇ ಅದು. ಕಸ ಗುಡಿಸಲು ಹುಡುಗಿಯರು, ಬೆಂಚು ಹೊರಲು ಹುಡುಗರು ಎಂಬುದು ಎರಡನೆಯ ಪಾಠ. ಪಾಠಗಳಲ್ಲಿ ಇಂಥ ಭೇದ ಇರಬಾರದೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಆಶಯ ವ್ಯಕ್ತವಾಗಿತ್ತು. ಹೆಣ್ಣನ್ನು ಹೀನಗೊಳಿಸುವ ಮಾತುಗಳು ತೀರ್ಪುಗಳಲ್ಲಿ ಬರಬಾರದೆಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಕೈಪಿಡಿಯನ್ನೇ ಹೊರತಂದಿತು. ನ್ಯಾಯಾಧೀಶರೇ ತಮ್ಮ ನಾಲಗೆಯನ್ನು ತಿದ್ದಿಕೊಳ್ಳಲು ಮುಂದಾದಾಗ ಮಠಾಧೀಶರಿಗೆ, ಮೇಷ್ಟ್ರುಗಳಿಗೆ, ಮನೆಯ ಯಜಮಾನರಿಗೆ ಏನು ಕಷ್ಟ?

‘ಹೆಣ್ಣಿಗೆ ಎಸ್ಸೆಸ್ಸೆಲ್ಸಿ ಸಾಕು’ ಎಂಬ ಮಾತನ್ನು ಹಳ್ಳಿಗಳಲ್ಲಿ ನಾವು ಎಷ್ಟು ಸಲ ಕೇಳಿಲ್ಲ! ಮತ್ತೆ ಅದೇ ಸಾಕು. 2011ರ ಜನಗಣತಿಯಂತೆ ಕೊಡಗಿನಲ್ಲಿ ಸಾವಿರ ಗಂಡಸರಿಗೆ 1019 ಹೆಂಗಸರಿದ್ದರು. ಎಣಿಕೆಯಲ್ಲಿ ಹೆಚ್ಚು, ಓದಿನಲ್ಲಿ ಕಡಿಮೆ: ಓದು ಬರಹ ಬಲ್ಲ ಗಂಡಸರು ನೂರಕ್ಕೆ ಸುಮಾರು 87, ಹೆಂಗಸರು ಸುಮಾರು 78. ತಿಂಗಳಿಗೆ ಮೂರು ದಿನ ‘ಹೊರಗಾಗಿದ್ದಾಳೆ’ ಎಂಬ ಒಂದು ಮಾತಿಗೆ ಅಂಜಿ ಶಾಲೆ ತಪ್ಪಿಸುವ ಹುಡುಗಿಯರೂ ಉಂಟು. ಪಂಚಸೂತಕಗಳನ್ನು ಅಲ್ಲಗಳೆದ ಧರ್ಮ ನಮ್ಮದು. ಲಿಂಗ ಧರಿಸಿದ ದೇಹಕ್ಕೆ ರಜಸ್ಸಿನ ಸೂತಕವಿಲ್ಲ ಎಂದು ಶರಣರು ಸಾರಿದರು. ಆ ಮಕ್ಕಳು ಯಾವುದರಿಂದ ಹೊರಗೆ?

ಓದು, ಉದ್ಯೋಗ ಎಂದಾಗ ಸೋಮವಾರಪೇಟೆಯವರಿಗೆ ಇನ್ನೊಬ್ಬ ಸಾಕಮ್ಮನವರು ನೆನಪಾಗಬೇಕು. ಕಾಫಿ ತೋಟದ ದೊಡ್ಡಮನೆ ಮನೆತನಕ್ಕೆ ಸೊಸೆಯಾಗಿ ಬಂದ ಅವರು ಚಿಕ್ಕ ವಯಸ್ಸಿನಲ್ಲೇ ಪತಿಯನ್ನು ಕಳೆದುಕೊಂಡರು. ಅಂಥವರು ಎದುರು ಬಂದರೆ ಅಪಶಕುನವೆಂದು ಲೋಕ ಹಿಂದಿರುಗಿ ಹೋಗುತ್ತಿದ್ದ ಕಾಲ ಅದು. ಆದರೆ ಅವರು ಮೂಲೆ ಹಿಡಿಯಲಿಲ್ಲ. ತೋಟವನ್ನು ತಾವೇ ನಡೆಸಿದರು. ಬೆಂಗಳೂರಿನ ಬಸವನಗುಡಿಯಲ್ಲಿ ಕಾಫಿಪುಡಿಯ ಕಾರ್ಖಾನೆ ತೆರೆದರು. 1928ರಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾದರು. ಬೆಳಗಾಗೆದ್ದು ಸಾಕಮ್ಮನ ಕಾಫಿ ಕುಡಿದ ಯಾರಿಗೂ ಆ ಹೆಸರು ಅಪಶಕುನವಾಗಿ ಕಾಣಲಿಲ್ಲ. ಮಾತು ಮನುಷ್ಯರನ್ನು ಕುಗ್ಗಿಸುವುದುಂಟು. ಮನುಷ್ಯರು ತಮ್ಮ ಕಾಯಕದಿಂದ ಮಾತಿನ ಅರ್ಥವನ್ನು ಎತ್ತರಿಸುವುದೂ ಉಂಟು.

ನಾವು ಹೆಸರಿಟ್ಟ ಆ ಹುಡುಗಿ ಈಗ ಓದಿ ಉದ್ಯೋಗದಲ್ಲಿದ್ದಾರೆ. ಅಜ್ಜಿ ಹಾಸಿಗೆ ಹಿಡಿದಾಗ ಅನ್ನ ಕಲಸಿ ಬಾಯಿಗಿಟ್ಟದ್ದು ಅವರ ಕೈ. ಆದರೆ ಭಕ್ತರು ಇದರಿಂದ ತಪ್ಪು ಪಾಠ ಕಲಿಯಬಾರದು. ಮುಪ್ಪಿನಲ್ಲಿ ಸೇವೆ ಮಾಡುತ್ತಾಳೆಂದು ಹೆಣ್ಣು ಬೇಕಾದವಳಲ್ಲ. ಹುಟ್ಟಿದ್ದಾಳೆ, ಪರಶಿವನ ಕೂಸು, ಅಷ್ಟಕ್ಕೇ ಬೇಕಾದವಳು.

ಭಕ್ತರಲ್ಲಿ ನಮ್ಮದು ಮೂರು ಕೋರಿಕೆ. ಮೊದಲನೆಯದು, ಗಂಡಾಗಲಿ ಎಂಬ ಹರಕೆಯನ್ನು ಮಠಕ್ಕೆ ತರಬೇಡಿ. ಸತ್ಸಂತಾನವಾಗಲಿ ಎಂದಷ್ಟೇ ನಾವು ಹರಸುತ್ತೇವೆ. ಆ ಮಗುವಿನ ಹೆಸರೂ ಬೇಕಾದ ಮಗುವಿನ ಹೆಸರಾಗಿರಲಿ. ಎರಡನೆಯದು, ಮನೆಯ ಯಜಮಾನರು ಹತ್ತು ಜನರ ಮುಂದೆ ಮಡದಿಯ ವಿಷಯ ಹೇಳುವಾಗ ‘ಅವರು’ ಎನ್ನಲಿ. ಮೂರು ದಿನ ನಾಚಿಕೆಯಾಗುತ್ತದೆ, ನಾಲ್ಕನೆಯ ದಿನ ರೂಢಿಯಾಗುತ್ತದೆ. ಮೂರನೆಯದು, ಹೆಣ್ಣುಮಕ್ಕಳ ಓದಿನ ವಿಷಯದಲ್ಲಿ ಸಾಕು ಎಂಬ ಮಾತನ್ನು ಆ ಮಕ್ಕಳೇ ಆಡಲಿ, ಹಿರಿಯರು ಆಡುವುದು ಬೇಡ.

ನಮ್ಮ ನಾಲಗೆಯಿಂದ ಆದ ತಪ್ಪಿಗೆ ಆ ತಾಯಿಯಲ್ಲಿಯೂ ಮಗಳಲ್ಲಿಯೂ ಕ್ಷಮೆ ಬೇಡಿದ್ದೇವೆ. ಕಾವಿಯ ಮರ್ಯಾದೆ ಅದರಿಂದ ಕಡಿಮೆಯಾಗಲಿಲ್ಲ. ಹರಸುವ ನಾಲಗೆ ಶುದ್ಧವಾಗಲಿ, ಕೇಳುವ ಕಿವಿ ತಂಪಾಗಲಿ. ಸರ್ವರಿಗೂ ಸನ್ಮಂಗಳವಾಗಲಿ.