ತಾಲ್ಲೂಕು ಕಚೇರಿಯ ಬೀಗದ ಕೈ

ಮಲೆನಾಡಿನ ಬೆಳೆಗಾರನಿಗೆ ಜಮೀನು ಎರಡು ಕಡೆ ಇರುವುದು: ಒಂದು ಗುಡ್ಡದ ಮೇಲೆ, ಇನ್ನೊಂದು ತಾಲ್ಲೂಕು ಕಚೇರಿಯ ದಫ್ತರಿನಲ್ಲಿ. ಮೊದಲನೆಯದಕ್ಕೆ ಆತನೇ ಬೇಲಿ ಹಾಕಿಕೊಳ್ಳುವನು. ಎರಡನೆಯದನ್ನು ಕಾಯತಕ್ಕವರು ಸರಕಾರದವರು. ಆ ದಫ್ತರು 2000ದ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರವನ್ನು ಸೇರಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳಲ್ಲಿ ಕಾಫಿ ತೋಟದ ಮೇಲಣ ಸಾಲ, ಅಣ್ಣತಮ್ಮಂದಿರ ಪಾಲು, ಪೌತಿ ಖಾತೆ, ಕ್ರಯ ಎಲ್ಲವೂ ಈಗ ಆ ಯಂತ್ರದ ಮಾತನ್ನೇ ನಂಬಿಕೊಂಡಿವೆ.

ಯಂತ್ರಕ್ಕೂ ಕಳ್ಳರುಂಟು. 2019ರಲ್ಲಿ ನಮ್ಮ ರಾಜ್ಯದ ಇ-ಸಂಗ್ರಹಣಾ ವ್ಯವಸ್ಥೆಯೊಳಕ್ಕೆ ಕನ್ನ ಕೊರೆದು 11 ಕೋಟಿ ರೂಪಾಯಿಗೂ ಮಿಕ್ಕ ಹಣವನ್ನು ಅಪಹರಿಸಿದರು. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ‘ಕಾವೇರಿ’ಗೆ ಬಂದ ವಿಪತ್ತು ಬೇರೆ ಬಗೆಯದು. ಸುಳ್ಳು ಕೋರಿಕೆಗಳ ಜಂಗುಳಿಯನ್ನು ಬಾಗಿಲಿಗೆ ತಂದು ನಿಲ್ಲಿಸಿ, ನಿಜವಾದ ಕಕ್ಷಿಗಾರನಿಗೆ ದಾರಿಯಿಲ್ಲದಂತೆ ಮಾಡಿದರು. ದಿನಗಟ್ಟಲೆ ನೋಂದಣಿಗಳು ನಿಂತವು.

ಹೊರಗಿನ ಚೋರರನ್ನು ತಡೆಯುವುದಕ್ಕೆ ತಜ್ಞರಿದ್ದಾರೆ. ನಮಗೆ ಹೆಚ್ಚಿನ ಚಿಂತೆಯಿರುವುದು ಒಳಗಿನ ಬಾಗಿಲಿನ ವಿಷಯದಲ್ಲಿ. ‘ಭೂಮಿ’ಯನ್ನು ಕಟ್ಟಿದವರು ಇದನ್ನು ಮೊದಲೇ ಊಹಿಸಿ, ನೌಕರನ ಬೆರಳ ಗುರುತಿಲ್ಲದೆ ಯಂತ್ರವು ತೆರೆಯದಂತೆ ಏರ್ಪಡಿಸಿದರು, ತಿದ್ದಿದವನು ತಾನಲ್ಲವೆಂದು ಯಾರೂ ಹೇಳಕೂಡದೆಂಬುದು ಉದ್ದೇಶ. ಆದರೆ ಬೆರಳಿಟ್ಟು ತೆರೆದ ಯಂತ್ರವನ್ನು ಹಾಗೆಯೇ ಬಿಟ್ಟು ಊಟಕ್ಕೆ ಎದ್ದುಹೋದರೆ, ಸಂಕೇತಪದವನ್ನು ಹೊರಗುತ್ತಿಗೆಯ ಹುಡುಗನ ಕಿವಿಯಲ್ಲಿ ಹೇಳಿದರೆ, ಆ ಏರ್ಪಾಡಿನ ಗತಿಯೇನು? ಕೆಲಸದ ಒತ್ತಡ ದೊಡ್ಡದೆಂಬುದನ್ನು ನಾವು ಬಲ್ಲೆವು. ಹಿಂದೆ ತಾಲ್ಲೂಕು ಖಜಾನೆಗೆ ಎರಡು ಬೀಗಗಳಿದ್ದುವು. ಎರಡು ಕೈಗಳೂ ಒಬ್ಬನ ಸೊಂಟದಲ್ಲಿರಕೂಡದೆಂಬುದು ನಿಯಮ. ಕೆಲಸ ಹೆಚ್ಚಾಯಿತೆಂದು ಯಾವ ಅಮಲ್ದಾರನೂ ತನ್ನ ಕೈಯನ್ನು ಜವಾನನಿಗೆ ಒಪ್ಪಿಸುತ್ತಿರಲಿಲ್ಲ.

ಇನ್ನೂ ಒಂದು ಮಾತು. ಯಂತ್ರವು ತನಗೆ ಕೊಟ್ಟುದನ್ನು ಕಾಪಾಡುವುದೇ ಹೊರತು ಸತ್ಯಾಸತ್ಯವನ್ನು ವಿಚಾರಿಸದು. ಕಡೂರು, ಮೂಡಿಗೆರೆ ತಾಲ್ಲೂಕುಗಳ ಭೂಮಂಜೂರಾತಿಗಳಲ್ಲಿ ಅಕ್ರಮದ ಆರೋಪವೆದ್ದು, 2023ರಲ್ಲಿ ತಹಶೀಲ್ದಾರರ ತಂಡವನ್ನೇ ಕಳುಹಿಸಿ ಕಡತಗಳನ್ನು ಪರೀಕ್ಷಿಸಬೇಕಾಯಿತು. ಖೊಟ್ಟಿ ಕಾಗದವೊಂದು ಒಮ್ಮೆ ಯಂತ್ರದೊಳಗೆ ಹೊಕ್ಕಿತೆಂದರೆ, ಅಚ್ಚುಕಟ್ಟಾದ ಮುದ್ರಿತ ಪಹಣಿಯಾಗಿ ಹೊರಬರುವುದು. ಆದುದರಿಂದ ‘ಭೂ ಸುರಕ್ಷಾ’ ಯೋಜನೆಯಲ್ಲಿ ಹಳೆಯ ಕಡತಗಳ ಛಾಯಾಪ್ರತಿ ತೆಗೆಯುವುದು ಸ್ತುತ್ಯವಾದರೂ, ಮೂಲ ಕಡತಗಳನ್ನು ಮಲೆನಾಡಿನ ಮಳೆಗೂ ಗೆದ್ದಲಿಗೂ ಬಿಟ್ಟುಕೊಡಲಾಗದು.

ಕೇಂದ್ರದ ಸೈಬರ್ ಸುರಕ್ಷಾ ಸಂಸ್ಥೆಯು 2022ರ ಏಪ್ರಿಲಿನಲ್ಲಿ ಹೊರಡಿಸಿದ ಆಜ್ಞೆಯಂತೆ, ಇಂಥ ಘಟನೆಯನ್ನು 6 ಗಂಟೆಗಳೊಳಗೆ ತಿಳಿಸಬೇಕು. ವ್ಯವಸ್ಥೆಯ ದಿನಚರಿಯನ್ನು 180 ದಿನ ಇಟ್ಟಿರಬೇಕು. ಸರಿಯೇ. ಆ ದಿನಚರಿಯನ್ನು ಓದುವವರಾರು? ರಾತ್ರಿ ಹತ್ತು ಗಂಟೆಗೆ ಯಾರ ಹೆಸರಿನಲ್ಲಿ ಯಾವ ಸರ್ವೆ ನಂಬರು ತಿದ್ದಲ್ಪಟ್ಟಿತೆಂಬುದನ್ನು, ಆ ಕಚೇರಿಗೆ ಸೇರದ ಅಧಿಕಾರಿಯೊಬ್ಬನು ತಿಂಗಳಿಗೊಮ್ಮೆಯಾದರೂ ನೋಡತಕ್ಕದ್ದು. ಅರಸರ ಕಾಲದಲ್ಲಿ ದಫ್ತರು ಮುಖ್ಯವಾಗಿ ಕಂದಾಯ ವಸೂಲಿಗಾಗಿ ಇತ್ತು. ಪ್ರಜಾರಾಜ್ಯದಲ್ಲಿ ಅದು ಪ್ರಜೆಯ ಸ್ವತ್ತು. ತನ್ನ ಖಾತೆಯನ್ನು ಯಾರು ಮುಟ್ಟಿದರೆಂದು ಕೇಳುವ ಹಕ್ಕು ಆತನಿಗಿದೆ.

ವರ್ಗವಾದ ನೌಕರನ ಪ್ರವೇಶಾಧಿಕಾರವು ಆತನು ಚಾರ್ಜು ಒಪ್ಪಿಸಿದ ದಿನವೇ ರದ್ದಾಗಬೇಕು. ಮೂಡಿಗೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಕಳಸದಲ್ಲಿಯೂ, ಜಿಲ್ಲೆಯ ಇತರ ತಾಲ್ಲೂಕುಗಳಲ್ಲಿಯೂ ಈಗ ಯಾರ ಯಾರ ಬೆರಳಿಗೆ ಯಂತ್ರವು ತೆರೆಯುವುದೆಂಬ ಪಟ್ಟಿಯನ್ನು ಜಿಲ್ಲಾಧಿಕಾರಿಗಳು ತರಿಸಿಕೊಂಡು, ಬರುವ ವರ್ಗಾವಣೆಗಳಿಗೆ ಮುಂಚೆಯೇ ಪರಿಶೀಲಿಸಿ ಮುಗಿಸತಕ್ಕದ್ದು.