ಉಸಿರಿಗೂ ತೇವ ಬೇಕು

ಆರ್ದ್ರತೆಯ ಪಾಠವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಮಳೆ, ಮಂಜು, ಇಬ್ಬನಿಗಳಷ್ಟೇ ನೆನಪಾಗುತ್ತವೆ. ರೋಗಿಯ ಮಂಚದ ಬಳಿಯೂ ಅದಕ್ಕೆ ಕೆಲಸವುಂಟೆಂದು ಅಧ್ಯಾಪಕರಾದ ನಾವು ಹೇಳುವುದಿಲ್ಲ. ಇದು ನಮ್ಮ ಲೋಪವೆಂದೇ ನನ್ನ ಅಭಿಪ್ರಾಯ.

ನಾವು ಎಳೆದುಕೊಂಡ ಗಾಳಿಯನ್ನು ಮೂಗು, ಗಂಟಲುಗಳು ಬಿಸಿಮಾಡಿ ತೇವಗೊಳಿಸುತ್ತವೆ. ಶ್ವಾಸಕೋಶದ ಆಳವನ್ನು ಸೇರುವ ವೇಳೆಗೆ ಅದರ ಉಷ್ಣತೆ 37 ಡಿಗ್ರಿ ಸೆಂಟಿಗ್ರೇಡ್. ಪ್ರತಿ ಲೀಟರಿನಲ್ಲಿ ಸುಮಾರು 44 ಮಿಲಿಗ್ರಾಂ ನೀರಾವಿ. ಕೃತಕ ಉಸಿರಾಟದ ಯಂತ್ರಕ್ಕೆ ಜೋಡಿಸಿದ ರೋಗಿಯಲ್ಲಾದರೋ, ನಳಿಕೆಯು ಮೂಗಿನ ಈ ಕೆಲಸವನ್ನು ತಪ್ಪಿಸಿ ಅನಿಲವನ್ನು ನೇರವಾಗಿ ಶ್ವಾಸನಾಳಕ್ಕೆ ಒಯ್ಯುತ್ತದೆ. ಆಸ್ಪತ್ರೆಯ ಕೊಳವೆಯಲ್ಲಿ ಬರುವ ಆಮ್ಲಜನಕವು ಬಹುಮಟ್ಟಿಗೆ ಒಣ ಅನಿಲ. ತೇವವಿಲ್ಲದಿದ್ದರೆ ಕಫ ಗಟ್ಟಿಯಾಗುತ್ತದೆ. ಅದನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳು ಸ್ತಬ್ಧವಾಗುತ್ತವೆ. ಕೊನೆಗೆ ನಳಿಕೆಯೇ ಕಟ್ಟಿಕೊಳ್ಳಬಹುದು. ಪ್ರಾಣವುಳಿಸಲು ಬಂದ ಸಾಧನವೇ ಉಸಿರುಗಟ್ಟಿಸಿದಂತಾಯಿತು!

'ಶೇಕಡಾ 100 ಆರ್ದ್ರತೆ' ಎಂಬ ಮಾತಿಗೆ ಮರುಳಾಗಬಾರದು. 22 ಡಿಗ್ರಿಯಲ್ಲಿ ಪರ್ಯಾಪ್ತವಾದ ಗಾಳಿಯ ಲೀಟರಿನಲ್ಲಿರುವುದು ಸುಮಾರು 19 ಮಿಲಿಗ್ರಾಂ ಆವಿ ಮಾತ್ರ. ದೇಹದ ಉಷ್ಣತೆಗೇರಿದೊಡನೆ ಅದರ ಆರ್ದ್ರತೆ ಶೇಕಡಾ 50ಕ್ಕೂ ಕೆಳಗಿಳಿಯುತ್ತದೆ. ಆದುದರಿಂದ ಅನಿಲವನ್ನು ತಣ್ಣೀರಿನಲ್ಲಿ ಹಾಯಿಸಿದರೆ ಸಾಲದು. ನೀರನ್ನು ಕಾಯಿಸಬೇಕು; ಇಲ್ಲವೆ, ಹೊರಬರುವ ಉಸಿರಿನ ತೇವವನ್ನು ಹಿಡಿದಿಟ್ಟು ಹಿಂದಿರುಗಿಸುವ 'ಕೃತಕ ಮೂಗ'ನ್ನು ಜೋಡಿಸಬೇಕು.

ನಿಮಿಷಕ್ಕೆ 10 ಲೀಟರಿನಂತೆ ದಿನಕ್ಕೆ 14,400 ಲೀಟರ್ ಅನಿಲ. ಒಣ ಅನಿಲವಾದರೆ ಅದಕ್ಕೆ ಬೇಕಾದ ನೀರು ಸುಮಾರು 630 ಗ್ರಾಂ. ಇಷ್ಟು ನೀರನ್ನು ಬೇಡುವ ಅಂಗವನ್ನು ಯಂತ್ರ ಕೊಳ್ಳುವವರು ಬರಿಯ ಉಪಕರಣವೆಂದು ಬಗೆಯದಿರಲಿ. ತುಷಾರಬಿಂದುವಿನ ಲೆಕ್ಕ ಕೇಳುವ ನಾವು ಪರೀಕ್ಷೆಯಲ್ಲಿ ಈ ಲೆಕ್ಕವನ್ನೂ ಕೇಳೋಣ. ಅದನ್ನು ಬಿಡಿಸಿದ ವಿದ್ಯಾರ್ಥಿ ನಾಳೆ ರೋಗಿಯ ಮಂಚದ ಬಳಿ ನಿಂತಿರಬಹುದು.