ಒಂದು ತಿಂಗಳು ಕೂಡಿಸುವುದು ಹೇಗೆ?

ಅಧಿಕ ವರ್ಷವಲ್ಲದ ವರ್ಷದಲ್ಲಿ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಯಾವ ದಿನ ಬರಬೇಕು? ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಕ್ಯಾಲೆಂಡರ್‌ನಲ್ಲಿ 'ಆ್ಯಡ್' ಬಳಸಿದರೆ ಫೆಬ್ರುವರಿ 28 ಬರುತ್ತದೆ. ತಿಂಗಳನ್ನಷ್ಟೇ 'ಸೆಟ್' ಮಾಡಿದರೆ, ಇಲ್ಲದ ಫೆಬ್ರುವರಿ 31 ಸದ್ದಿಲ್ಲದೆ ಮಾರ್ಚ್ 3 ಆಗಿಬಿಡುತ್ತದೆ. ಕಂಪ್ಯೂಟರ್ ಎರಡನ್ನೂ ಸರಿಯೆಂದೇ ಒಪ್ಪುತ್ತದೆ. ಮೂರು ದಿನದ ಮಾತಿಗೆ ಇಷ್ಟೇಕೆ ಎನ್ನುವವರಿದ್ದಾರೆ. ಆದರೆ ರೈತನಿಗೆ ಬೆಳೆಸಾಲದ ಬಡ್ಡಿ ರಿಯಾಯಿತಿ ಸಿಗುವುದು ಗಡುವಿನೊಳಗೆ ತೀರಿಸಿದರೆ ಮಾತ್ರ. ಅಲ್ಲಿ ಒಂದು ದಿನವೂ ದುಡ್ಡೇ.

2014ರ ಜಾವಾ 8ರಲ್ಲಿ ಬಂದ ಹೊಸ ದಿನಾಂಕ ವ್ಯವಸ್ಥೆ ಫೆಬ್ರುವರಿ 31ನ್ನು ಒಪ್ಪುವುದಿಲ್ಲ, ಹಾಗಾಗಿ ತೊಂದರೆ ಮುಗಿಯಿತು ಎಂಬ ವಾದವೂ ಇದೆ. ಅರ್ಧ ಮಾತ್ರ ನಿಜ. ಜನವರಿ 31ರಿಂದ ಫೆಬ್ರುವರಿ 28ಕ್ಕೆ ಬಂದ ಕಂತಿಗೆ ಮತ್ತೊಂದು ತಿಂಗಳು ಕೂಡಿಸಿದರೆ ಮಾರ್ಚ್ 28 ಬರುತ್ತದೆ, 31 ಅಲ್ಲ. ಕಳೆದ ಮೂರು ದಿನ ಮರಳುವುದಿಲ್ಲ. ಪ್ರತಿ ಕಂತನ್ನೂ ಮೊದಲ ದಿನಾಂಕದಿಂದಲೇ ಎಣಿಸಬೇಕು. ಆ ನಿಯಮ ಎಲ್ಲರಿಗೂ ಮೊದಲೇ ಗೊತ್ತಿರಬೇಕು. ನಮ್ಮ ಪಂಚಾಂಗವನ್ನೇ ನೋಡಿ: ಸಂಕ್ರಾಂತಿಯಿಲ್ಲದ ಚಾಂದ್ರಮಾಸವೇ ಅಧಿಕ ಮಾಸ ಎಂಬ ನಿಯಮ ಮೊದಲೇ ಗೊತ್ತಿರುವುದರಿಂದ 2023ರ ಅಧಿಕ ಶ್ರಾವಣ ಯಾರಿಗೂ ಅನಿರೀಕ್ಷಿತವಾಗಿರಲಿಲ್ಲ. ಸಾಲ ಕೊಡುವವರೂ ಅಷ್ಟು ಮಾಡಲಿ: ತಿಂಗಳು ಎಣಿಸುವ ನಿಯಮವನ್ನೂ ಪ್ರತಿ ಕಂತಿನ ದಿನಾಂಕವನ್ನೂ ಸಾಲಪತ್ರದಲ್ಲೇ ಕನ್ನಡದಲ್ಲಿ ಅಚ್ಚು ಹಾಕಿಸಲಿ.